ಟೌ ಸೀಟಿಯ ದೂಳಿನ ತಟ್ಟೆ ದಾವಣಗೆರೆಯಿಂದ ಕಾಣುತ್ತದೆಯೇ?

ಪ್ರಶ್ನೆ: ಹರಿಹರ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ನಮ್ಮ ಒಂಬತ್ತನೇ ತರಗತಿಯ ಹುಡುಗನೊಬ್ಬ ಮೊಬೈಲ್‌ನಲ್ಲಿ ‘ಟೌ ಸೀಟಿ’ ಎಂಬ ನಕ್ಷತ್ರದ ವಿಡಿಯೊ ನೋಡಿ ಹೆದರಿಕೊಂಡಿದ್ದಾನೆ. ಅದು ಸೂರ್ಯನಂಥದೇ ನಕ್ಷತ್ರವಂತೆ, ಅದರ ಸುತ್ತ ನಮ್ಮಲ್ಲಿಗಿಂತ ಹತ್ತು ಪಟ್ಟು ಹೆಚ್ಚು ಕಲ್ಲುಬಂಡೆಗಳಿವೆಯಂತೆ, ಆ ರಾಶಿಯೆಲ್ಲ ಭೂಮಿಯತ್ತ ಬರುತ್ತಿದೆಯಂತೆ. ಅಲ್ಲಿ ಭೂಮಿಯ ಅವಳಿ ಗ್ರಹವೂ ಇದೆ, ಆದರೆ ಧೂಮಕೇತುಗಳು ಬಡಿದು ಬಡಿದು ಅಲ್ಲಿ ಜೀವ ಉಳಿಯಲಾರದು ಎಂದೂ ಹೇಳಿದ್ದಾರೆ. ಇದರಲ್ಲಿ ನಿಜವೆಷ್ಟು? ಇನ್ನೊಂದು ವಿಷಯ. ಹಳೆಯ ವಿದ್ಯಾರ್ಥಿಗಳು ದೂರದರ್ಶಕಕ್ಕೆಂದು ನಲವತ್ತು ಸಾವಿರ ರೂಪಾಯಿ ಕೊಟ್ಟಿದ್ದಾರೆ. 675 ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಾದರಿಯಲ್ಲಿ ನಕ್ಷತ್ರಗಳ ಸುತ್ತಲಿನ ತಟ್ಟೆಯೂ ಕಾಣುತ್ತದೆ ಎಂದು ಮಾರುವವರು ಭರವಸೆ ಕೊಡುತ್ತಿದ್ದಾರೆ. ಕೊಳ್ಳಬಹುದೇ? ದಾವಣಗೆರೆ, ಚಿತ್ರದುರ್ಗದ ಸುತ್ತ ಮಕ್ಕಳನ್ನು ಕರೆದೊಯ್ದು ಏನಾದರೂ ತೋರಿಸಲು ಸಾಧ್ಯವೇ?

ಉತ್ತರ: ಮೇಡಂ, ಮೊದಲು ಆ ಹುಡುಗನ ನಿದ್ದೆಯ ವಿಷಯ ಮುಗಿಸೋಣ. ಟೌ ಸೀಟಿ ನಮ್ಮ ಕಡೆಗೆ ಬರುತ್ತಿರುವುದು ನಿಜ. ವೇಗ ಸೆಕೆಂಡಿಗೆ ಸುಮಾರು 17 ಕಿ.ಮೀ. ವಿಡಿಯೊ ಮಾಡಿದವರು ಇಷ್ಟನ್ನು ಹೇಳಿ ಉಳಿದದ್ದನ್ನು ನುಂಗಿದ್ದಾರೆ. ಆ ನಕ್ಷತ್ರ ಈಗ ಇರುವುದು 11.9 ಜ್ಯೋತಿರ್ವರ್ಷ ದೂರದಲ್ಲಿ. ಸುಮಾರು 43 ಸಾವಿರ ವರ್ಷಗಳ ನಂತರ ಅದು ನಮಗೆ ಅತಿ ಸಮೀಪ ಬರುತ್ತದೆ. ಆಗಲೂ ಹತ್ತೂವರೆ ಜ್ಯೋತಿರ್ವರ್ಷ ದೂರ ಇದ್ದೇ ಇರುತ್ತದೆ. ಆಮೇಲೆ ತನ್ನ ಪಾಡಿಗೆ ತಾನು ದೂರ ಸರಿಯುತ್ತದೆ. ಅದರ ಸುತ್ತಲಿನ ದೂಳು ಹರಡಿರುವುದು ನಕ್ಷತ್ರದಿಂದ ಸುಮಾರು 52 ಖಗೋಳ ಮಾನದವರೆಗೆ ಮಾತ್ರ. ಒಂದು ಖಗೋಳ ಮಾನ ಎಂದರೆ ಸೂರ್ಯನಿಗೂ ನಮಗೂ ಇರುವ ದೂರ, ಸುಮಾರು 15 ಕೋಟಿ ಕಿ.ಮೀ. ಒಂದು ಜ್ಯೋತಿರ್ವರ್ಷದಲ್ಲಿ ಇಂಥ 63 ಸಾವಿರ ಮಾನಗಳಿವೆ. ಲೆಕ್ಕವನ್ನು ಆ ಹುಡುಗನ ಕೈಯಲ್ಲೇ ಮಾಡಿಸಿ. ಅವನ ಭಯಕ್ಕೆ ನಿಮ್ಮ ಸಮಾಧಾನದ ಮಾತಿಗಿಂತ ಅವನದೇ ಭಾಗಾಕಾರ ಒಳ್ಳೆಯ ಮದ್ದು.

ನಿಜಕ್ಕೂ ಹತ್ತಿರ ಹಾಯುವ ನಕ್ಷತ್ರ ಯಾವುದು ಎಂದು ಅವನು ಮರುಪ್ರಶ್ನೆ ಹಾಕಿದರೆ ಗ್ಲೀಸೆ 710 ಎಂದು ಹೇಳಿ. ಅದು ಒಂದು ಜ್ಯೋತಿರ್ವರ್ಷಕ್ಕಿಂತಲೂ ಬಹಳ ಕಡಿಮೆ ದೂರದಲ್ಲಿ ಹಾದುಹೋಗಲಿದೆ, ಆದರೆ ಅದಕ್ಕೆ ಇನ್ನೂ ಸುಮಾರು 13 ಲಕ್ಷ ವರ್ಷಗಳಿವೆ. ಎಸ್ಸೆಸ್ಸೆಲ್ಸಿಗೆ ತೊಂದರೆಯಾಗದು.

ಈಗ ‘ಹತ್ತು ಪಟ್ಟು ಬಂಡೆಗಳು’ ಎಂಬ ಮಾತು. ಇದು ಪೂರ್ತಿ ಸುಳ್ಳಲ್ಲ, ಆದ್ದರಿಂದಲೇ ಬಿಡಿಸಿ ಹೇಳಬೇಕು.

ನಕ್ಷತ್ರ ಹುಟ್ಟಿದಾಗ ಅದರ ಸುತ್ತ ಅನಿಲ ಮತ್ತು ದೂಳಿನ ದಟ್ಟವಾದ ತಟ್ಟೆ ಇರುತ್ತದೆ. ಅದರಿಂದ ಗ್ರಹಗಳು ಕೂಡಿಕೊಳ್ಳುತ್ತವೆ. ಕೆಲವೇ ದಶಲಕ್ಷ ವರ್ಷಗಳಲ್ಲಿ ಅನಿಲ ಚದುರಿಹೋಗುತ್ತದೆ. ಗ್ರಹವಾಗಲಾರದೆ ಉಳಿದ ಬಂಡೆಗಳೂ ಹಿಮದ ಗಡ್ಡೆಗಳೂ ಸುತ್ತುತ್ತಲೇ ಇರುತ್ತವೆ. ಅವು ಆಗಾಗ ಒಂದಕ್ಕೊಂದು ತಾಗಿ ಒಡೆಯುತ್ತವೆ, ಒಡೆದ ಚೂರುಗಳು ಮತ್ತೆ ಒಡೆಯುತ್ತವೆ, ಕೊನೆಗೆ ದೂಳಾಗುತ್ತವೆ. ಈ ದೂಳಿಗೆ ಆಯಸ್ಸು ಕಡಿಮೆ. ತೀರಾ ಸಣ್ಣ ಕಣಗಳನ್ನು ನಕ್ಷತ್ರದ ಬೆಳಕೇ ಹೊರಕ್ಕೆ ತಳ್ಳಿಬಿಡುತ್ತದೆ. ಸ್ವಲ್ಪ ದೊಡ್ಡವು ಅದೇ ಬೆಳಕಿನ ಎದುರು ಓಡುತ್ತಾ ವೇಗ ಕಳೆದುಕೊಂಡು, ಸುರುಳಿ ಸುತ್ತಿ ನಕ್ಷತ್ರದೊಳಗೆ ಬೀಳುತ್ತವೆ. ಟೌ ಸೀಟಿಯ ವಯಸ್ಸನ್ನು 500 ಕೋಟಿ ವರ್ಷಕ್ಕೂ ಹೆಚ್ಚೆಂದು ಅಂದಾಜಿಸಿದ್ದಾರೆ. ಸೂರ್ಯನಿಗೆ 460 ಕೋಟಿ. ಅಷ್ಟು ಹಳೆಯ ನಕ್ಷತ್ರದ ಸುತ್ತ ಇಂದಿಗೂ ದೂಳಿದೆ ಎಂದರೆ ಅದು ಹುಟ್ಟಿನ ಕಾಲದ ದೂಳಲ್ಲ. ಅಲ್ಲಿ ಈಗಲೂ ಬಂಡೆಗಳು ಅರೆಯುತ್ತಿವೆ.

ನಿಮ್ಮೂರಿನ ಸುತ್ತ ಮೆಕ್ಕೆಜೋಳದ ಸುಗ್ಗಿಯಲ್ಲಿ ಕಣದ ಬದಿ ಬಸ್ಸಿನಲ್ಲಿ ಹೋಗುವಾಗ ಗಮನಿಸಿರುತ್ತೀರಿ. ಒಕ್ಕುವ ಯಂತ್ರದ ದೂಳು ಅರ್ಧ ಮೈಲಿಯಿಂದಲೇ ಕಾಣುತ್ತದೆ, ಕಾಳು ಮಾತ್ರ ಕಾಣುವುದಿಲ್ಲ. ದೂಳು ಕಂಡರೆ ಯಂತ್ರ ಈಗ ಓಡುತ್ತಿದೆ ಎಂದು ಖಚಿತವಾಗಿ ಹೇಳಬಹುದು. ಎಷ್ಟು ಚೀಲ ಕಾಳು ಎಂಬುದು ಅಂದಾಜು. ದೂರದ ತಟ್ಟೆಗಳ ವಿಷಯದಲ್ಲಿ ನಮ್ಮ ಸ್ಥಿತಿಯೂ ಇಷ್ಟೇ. ಹತ್ತು ಕಿ.ಮೀ. ಅಗಲದ ಒಂದು ಬಂಡೆಯನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸಣ್ಣ ಪುಡಿ ಮಾಡಿದರೆ ಅದರ ಒಟ್ಟು ಹೊರಮೈ ಹತ್ತು ಕೋಟಿ ಪಟ್ಟು ಹೆಚ್ಚುತ್ತದೆ. ಆ ಹೊರಮೈ ನಕ್ಷತ್ರದ ಬೆಳಕನ್ನು ಹೀರಿ ಮಂದವಾದ ಶಾಖವನ್ನು ಹೊರಚೆಲ್ಲುತ್ತದೆ. ಇಡೀ ಬಂಡೆಯಾಗಿದ್ದಾಗ ಯಾವ ಉಪಕರಣಕ್ಕೂ ಸಿಗದಿದ್ದದ್ದು ಪುಡಿಯಾದ ಮೇಲೆ ಸಿಗುತ್ತದೆ.

2004ರಲ್ಲಿ ಜೇನ್ ಗ್ರೀವ್ಸ್ ಮತ್ತು ಸಂಗಡಿಗರು ಹವಾಯಿಯ ಮೌನಾ ಕೀ ಬೆಟ್ಟದ ಮೇಲಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ದೂರದರ್ಶಕದಿಂದ ಟೌ ಸೀಟಿಯ ದೂಳಿನ ಚಿತ್ರ ಪಡೆದರು. ಅವರು ಅಳೆದದ್ದು ದೂಳನ್ನು. ಅಷ್ಟು ದೂಳು ಏಳಬೇಕಾದರೆ ಹತ್ತು ಕಿ.ಮೀ.ವರೆಗಿನ ಕಾಯಗಳೆಲ್ಲ ಸೇರಿ ಎಷ್ಟು ತೂಗಬೇಕು ಎಂದು ಲೆಕ್ಕ ಹಾಕಿದಾಗ ಸಿಕ್ಕಿದ್ದು ಭೂಮಿಯ ಸುಮಾರು 1.2 ಪಟ್ಟು. ನಮ್ಮ ನೆಪ್ಚೂನ್ ಆಚೆಗಿನ ಕೈಪರ್ ಪಟ್ಟಿಗೆ ಅದೇ ಲೆಕ್ಕದಲ್ಲಿ ಭೂಮಿಯ ಹತ್ತನೇ ಒಂದು ಭಾಗ. ‘ಹತ್ತು ಪಟ್ಟು’ ಹುಟ್ಟಿದ್ದು ಇಲ್ಲಿ. ಯಾರೂ ಬಂಡೆಗಳನ್ನು ಎಣಿಸಿಲ್ಲ. ಒಳ್ಳೆಯ ವಿಜ್ಞಾನಿಗಳ ಗೌರವಾನ್ವಿತ ಅಂದಾಜು ಅದು, ಜನಗಣತಿಯಲ್ಲ.

ಇನ್ನು ‘ಬಡಿದು ಬಡಿದು’ ಎಂಬ ಭಾಗ. ಚಿತ್ರಕಾರರು ಇಂಥ ತಟ್ಟೆಯನ್ನು ಬಂಡೆಗೆ ಬಂಡೆ ತಾಗುವಂತೆ ಬರೆಯುತ್ತಾರೆ, ಮಕ್ಕಳ ತಲೆಯಲ್ಲಿ ಅದೇ ಕೂರುತ್ತದೆ. ನಿಜವಾದ ತಟ್ಟೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಖಾಲಿ ಜಾಗ. 1972ರಲ್ಲಿ ಹೊರಟ ಪಯೋನಿಯರ್ 10 ನಮ್ಮ ಕ್ಷುದ್ರಗ್ರಹ ಪಟ್ಟಿಯನ್ನು ದಾಟುವಾಗ ಜನ ಉಸಿರು ಬಿಗಿಹಿಡಿದಿದ್ದರು. ನೌಕೆಗೆ ಏನೂ ಆಗಲಿಲ್ಲ. ನ್ಯೂ ಹೊರೈಜನ್ಸ್ ನೌಕೆ 2015ರಲ್ಲಿ ಪ್ಲೂಟೊ ದಾಟಿ, 2019ರ ಮೊದಲ ದಿನ ಕೈಪರ್ ಪಟ್ಟಿಯ ಅರೋಕಾತ್ ಎಂಬ ಕಾಯವನ್ನು ನೋಡಬೇಕಾದರೆ ಅದನ್ನು ಮೊದಲೇ ಹುಡುಕಿಟ್ಟು ಗುರಿ ಹಿಡಿದು ಹೋಗಬೇಕಾಯಿತು.

ಜೊತೆಗೆ, ಹೊರವಲಯದಲ್ಲಿ ಬಂಡೆ ಹೆಚ್ಚಿದ್ದ ಮಾತ್ರಕ್ಕೆ ಒಳಗಿನ ಗ್ರಹಗಳಿಗೆ ಪೆಟ್ಟು ಹೆಚ್ಚಾಗಬೇಕಿಲ್ಲ. ಧೂಮಕೇತು ತನ್ನಷ್ಟಕ್ಕೆ ತಾನು ಒಳಗೆ ನುಗ್ಗುವುದಿಲ್ಲ. ಯಾವುದಾದರೂ ಗ್ರಹ ಅದನ್ನು ದಾರಿ ತಪ್ಪಿಸಬೇಕು. ನಮ್ಮಲ್ಲಿ ಆ ಕೆಲಸ ಮುಖ್ಯವಾಗಿ ನೆಪ್ಚೂನ್ ಮತ್ತು ಗುರುವಿನದು. ಟೌ ಸೀಟಿಯ ಹತ್ತಿರದ ಕಕ್ಷೆಗಳಲ್ಲಿ ಗುರುವಿನಷ್ಟು ದೊಡ್ಡ ಗ್ರಹ ಇದ್ದಿದ್ದರೆ ಇಷ್ಟು ವರ್ಷಗಳ ಅಳತೆಯಲ್ಲಿ ಸಿಕ್ಕಿಬೀಳುತ್ತಿತ್ತು, ಸಿಕ್ಕಿಲ್ಲ. ಆದ್ದರಿಂದ ಅಲ್ಲಿನ ಪೆಟ್ಟಿನ ಪ್ರಮಾಣ ಹತ್ತು ಪಟ್ಟೂ ಇರಬಹುದು, ನಮ್ಮಲ್ಲಿಗಿಂತ ಕಡಿಮೆಯೂ ಇರಬಹುದು. ಇದು ಸಂಶೋಧಕರ ನಡುವೆ ತೆರೆದೇ ಇರುವ ಪ್ರಶ್ನೆ. ಮಕ್ಕಳಿಗೆ ಇದನ್ನು ಹೀಗೆಯೇ ಹೇಳಿ. ಪೆಟ್ಟು ಬಿದ್ದಲ್ಲೆಲ್ಲ ಜೀವ ಅಳಿಯುತ್ತದೆ ಎಂಬುದೂ ಸರಿಯಲ್ಲ. 6.6 ಕೋಟಿ ವರ್ಷಗಳ ಹಿಂದೆ ಈಗಿನ ಮೆಕ್ಸಿಕೋದ ಚಿಕ್ಸುಲುಬ್‌ನಲ್ಲಿ ಬಿದ್ದ ಸುಮಾರು ಹತ್ತು ಕಿ.ಮೀ. ಅಗಲದ ಕಾಯ ಡೈನೊಸಾರ್‌ಗಳನ್ನು ಮುಗಿಸಿತು, ಆದರೆ ಸಸ್ತನಿಗಳಿಗೆ ದಾರಿ ಬಿಟ್ಟಿತು. ನೀವು, ನಾನು, ಆ ಹುಡುಗ ಎಲ್ಲರೂ ಆ ಸಾಲಿನವರೇ.

‘ಭೂಮಿಯ ಅವಳಿ’ಯನ್ನು ಮಾತ್ರ ತಳ್ಳಿಹಾಕಿ. ನಕ್ಷತ್ರವೇ ಸೂರ್ಯನ ಅವಳಿಯಲ್ಲ. ದ್ರವ್ಯರಾಶಿಯಲ್ಲಿ ಸೂರ್ಯನ ಶೇ 78ರಷ್ಟು, ಬೆಳಕಿನಲ್ಲಿ ಅರ್ಧದಷ್ಟು, ಕಬ್ಬಿಣದಂಥ ಭಾರದ ಧಾತುಗಳಲ್ಲಿ ಮೂರನೇ ಒಂದು ಭಾಗದಷ್ಟು. ಗ್ರಹಗಳ ಕಥೆ ಇನ್ನೂ ತೂಗುಯ್ಯಾಲೆಯಲ್ಲಿದೆ. 2012ರಲ್ಲಿ ಐದು ಗ್ರಹಗಳ ಸುಳಿವು ಸಿಕ್ಕಿದೆ ಎಂದರು. 2017ರ ವಿಶ್ಲೇಷಣೆ ನಾಲ್ಕನ್ನು ಮುಂದಿಟ್ಟಿತು, ಪಟ್ಟಿಯೂ ಬದಲಾಗಿತ್ತು. ಇವೆಲ್ಲ ಗ್ರಹಗಳ ಸೆಳೆತಕ್ಕೆ ನಕ್ಷತ್ರ ಸೆಕೆಂಡಿಗೆ ಒಂದು ಮೀಟರಿಗಿಂತಲೂ ಕಡಿಮೆ ವೇಗದಲ್ಲಿ ತೊನೆಯುವುದನ್ನು ಅಳೆದು ಮಾಡಿದ ಊಹೆಗಳು. ಉರಿಯುವ ಅನಿಲದ ಗೋಳವೊಂದರ ಮೇಲ್ಮೈಯ ಕುದಿತದ ನಡುವೆ ಅಷ್ಟು ಸಣ್ಣ ತೊನೆತವನ್ನು ಹೆಕ್ಕುವುದು ಎಂದರೆ ಏನೆಂದು ಯೋಚಿಸಿ. ವಾಸಯೋಗ್ಯ ವಲಯದ ಅಂಚಿನಲ್ಲಿವೆ ಎನ್ನಲಾದ ಎರಡಕ್ಕೆ ಕನಿಷ್ಠ ರಾಶಿಯೇ ಭೂಮಿಯ ಸುಮಾರು ನಾಲ್ಕು ಪಟ್ಟು. 2023ರ ಒಂದು ಅಧ್ಯಯನದ ಪ್ರಕಾರ ಆ ನಕ್ಷತ್ರದ ಧ್ರುವ ಹೆಚ್ಚುಕಡಿಮೆ ನಮ್ಮ ಕಡೆಗೇ ತಿರುಗಿದೆ. ಗ್ರಹಗಳೂ ಅದರ ಸಮಭಾಜಕದ ಸಮತಲದಲ್ಲೇ ಸುತ್ತುತ್ತಿದ್ದರೆ, ನಾವು ಅಳೆಯುವುದು ನಮ್ಮ ಕಡೆಗಿನ ತೊನೆತವನ್ನಷ್ಟೇ ಆದ್ದರಿಂದ, ಅವುಗಳ ನಿಜವಾದ ರಾಶಿ ಇನ್ನೂ ಬಹಳ ಹೆಚ್ಚು. ಅಂಥದನ್ನು ಅವಳಿ ಎನ್ನುವುದು ಹೇಗೆ?

ಆದರೂ ಈ ನಕ್ಷತ್ರಕ್ಕೆ ಒಂದು ಹೆಗ್ಗಳಿಕೆ ಇದೆ. 1960ರಲ್ಲಿ ಫ್ರಾಂಕ್ ಡ್ರೇಕ್ ಅಮೆರಿಕದ ಗ್ರೀನ್ ಬ್ಯಾಂಕ್‌ನಲ್ಲಿ ಅನ್ಯಲೋಕದ ರೇಡಿಯೊ ಸಂಕೇತಕ್ಕಾಗಿ ಕಿವಿಗೊಟ್ಟಾಗ ಆರಿಸಿಕೊಂಡ ಎರಡು ನಕ್ಷತ್ರಗಳಲ್ಲಿ ಇದು ಒಂದು. ಇನ್ನೊಂದು ಎಪ್ಸಿಲಾನ್ ಎರಿಡಾನಿ. ಅದರ ಸುತ್ತಲೂ ದೂಳಿನ ಉಂಗುರವಿದೆ ಎಂದು 1998ರಲ್ಲಿ ತಿಳಿಯಿತು. ಡ್ರೇಕ್‌ಗೆ ಆಗ ಎರಡರ ದೂಳಿನ ವಿಷಯವೂ ಗೊತ್ತಿರಲಿಲ್ಲ.

ದೂರದರ್ಶಕದ ಪ್ರಶ್ನೆಗೆ ಬರುತ್ತೇನೆ. ಕಾಣುವುದಿಲ್ಲ. ನಲವತ್ತು ಸಾವಿರದ್ದರಲ್ಲೂ ಇಲ್ಲ, ನಾಲ್ಕು ಲಕ್ಷದ್ದರಲ್ಲೂ ಇಲ್ಲ. ಕುತೂಹಲದ ಸಂಗತಿ ಎಂದರೆ ತೊಂದರೆ ಗಾತ್ರದ್ದಲ್ಲ. ಟೌ ಸೀಟಿಯ ತಟ್ಟೆ ಆಕಾಶದಲ್ಲಿ ಸುಮಾರು 28 ಆರ್ಕ್‌ಸೆಕೆಂಡ್ ಅಗಲ (ಒಂದು ಡಿಗ್ರಿಯ 3,600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಶನಿಯ ಉಂಗುರಗಳ ಅಗಲ ನಲವತ್ತರ ಆಸುಪಾಸು, ಅದನ್ನು ಸಣ್ಣ ಟೆಲಿಸ್ಕೋಪ್ ಕೂಡ ತೋರಿಸುತ್ತದೆ. ತೊಂದರೆ ಇರುವುದು ಬೆಳಕಿನದು. ಆ ದೂಳು ಹೊರಸೂಸುವುದು ನಕ್ಷತ್ರದ ಬೆಳಕಿನ ಲಕ್ಷದಲ್ಲಿ ಒಂದು ಪಾಲಿನ ಆಸುಪಾಸು. ಅದೂ ಕಣ್ಣಿಗೆ ಕಾಣುವ ಬೆಳಕಲ್ಲ. ತಟ್ಟೆಯ ಹೊರಭಾಗ ಮೈನಸ್ 200 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದೆ. ಅಂಥ ವಸ್ತು ಸೂಸುವುದು ದೂರದ ಅವಕೆಂಪು ಮತ್ತು ಮಿಲಿಮೀಟರ್ ಅಲೆಗಳನ್ನು. ಅದಕ್ಕೆ ಹರ್ಷೆಲ್‌ನಂಥ ಬಾಹ್ಯಾಕಾಶ ದೂರದರ್ಶಕ ಬೇಕು, ಇಲ್ಲವೇ ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಐದು ಸಾವಿರ ಮೀಟರ್ ಎತ್ತರದಲ್ಲಿರುವ ಆಲ್ಮಾ ಎಂಬ ಆಂಟೆನಾಗಳ ಸಮೂಹ ಬೇಕು. ತಟ್ಟೆ ಸುಮಾರು 6ರಿಂದ 52 ಖಗೋಳ ಮಾನದವರೆಗೆ ಹಬ್ಬಿದೆ ಎಂದು 2016ರಲ್ಲಿ ಅಳೆದದ್ದು ಆಲ್ಮಾವೇ.

ಪೆಟ್ಟಿಗೆಯ ಮೇಲಿನ ‘675 ಪಟ್ಟು’ ಬಗ್ಗೆಯೂ ಒಂದು ಮಾತು. ದೂರದರ್ಶಕದ ಶಕ್ತಿ ಇರುವುದು ಕನ್ನಡಿಯ ಅಗಲದಲ್ಲಿ. ಒಂದು ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ಒಳ್ಳೆಯ ರಾತ್ರಿಯ ಮೇಲ್ಮಿತಿ. 114 ಮಿ.ಮೀ. ಕನ್ನಡಿಗೆ 230 ಪಟ್ಟು ಎಂದಾಯಿತು. ಅದರಾಚೆ ಚಿತ್ರ ದೊಡ್ಡದಾಗುತ್ತದೆ, ವಿವರ ಹೆಚ್ಚುವುದಿಲ್ಲ, ತೆಳು ಕಾಲಿನ ಸ್ಟ್ಯಾಂಡ್ ಅಲುಗಾಡಿ ಚಂದ್ರನೂ ನಿಲ್ಲುವುದಿಲ್ಲ. ಇಂಥ ಸೆಟ್ಟುಗಳ ಜೊತೆ ಕೆಲವೊಮ್ಮೆ ಐಪೀಸಿಗೆ ತಿರುಗಿಸಿ ಹಾಕುವ ಗಾಢ ಬಣ್ಣದ ಸಣ್ಣ ಗಾಜು ಬರುತ್ತದೆ, ‘ಸೂರ್ಯನನ್ನು ನೋಡಲು’ ಎಂದು. ಅದು ಕೈಗೆ ಸಿಕ್ಕ ದಿನವೇ ಒಡೆದು ಬಿಸಾಡಿ. ಕನ್ನಡಿ ಒಟ್ಟುಗೂಡಿಸಿದ ಬಿಸಿಲೆಲ್ಲ ಅದರ ಮೇಲೆ ಬಿದ್ದು ನೋಡುನೋಡುತ್ತಿದ್ದಂತೆ ಸೀಳಬಹುದು. ಹಿಂದೆ ಮಗುವಿನ ಕಣ್ಣಿರುತ್ತದೆ.

ಹಾಗಾದರೆ ಮಕ್ಕಳಿಗೆ ತೋರಿಸುವುದೇನು? ನನ್ನ ಸಲಹೆ ಕೇಳಿದರೆ, ಟೌ ಸೀಟಿಯ ತಟ್ಟೆಯನ್ನು ಬಿಟ್ಟು ನಮ್ಮ ಸೂರ್ಯನ ತಟ್ಟೆಯನ್ನು ತೋರಿಸಿ. ಅದಕ್ಕೆ ದೂರದರ್ಶಕವೇ ಬೇಡ. ನಮ್ಮ ಸೌರವ್ಯೂಹದ ಒಳಭಾಗದಲ್ಲಿ ಧೂಮಕೇತುಗಳೂ ಕ್ಷುದ್ರಗ್ರಹಗಳೂ ಉದುರಿಸಿದ ದೂಳು ತೆಳ್ಳಗೆ ಹರಡಿದೆ, ಭೂಮಿ ಅದರ ನಡುವೆಯೇ ಸುತ್ತುತ್ತಿದೆ. ಬಿಸಿಲು ಆ ಕಣಗಳ ಮೇಲೆ ಬಿದ್ದು ಚದುರಿದಾಗ ಕಾಣುವುದೇ ರಾಶಿಚಕ್ರದ ಬೆಳಕು, ಜೋಡಿಯಾಕಲ್ ಲೈಟ್. (ಇದೇ ದೂಳಿನ ಚಲನೆಯ ಮೇಲೆ ಕ್ವೀನ್ ರಾಕ್ ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಅವರು 2007ರಲ್ಲಿ ಪಿಎಚ್.ಡಿ. ಮುಗಿಸಿದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಕಿ ಉಳಿದಿದ್ದ ಪ್ರಬಂಧ. ಹೋಂವರ್ಕ್ ತಡ ಮಾಡುವ ಮಕ್ಕಳಿಗೆ ಇದನ್ನು ಹೇಳಬೇಡಿ.)

ನಾವು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇರುವುದು ಇಲ್ಲಿ ದೊಡ್ಡ ಅನುಕೂಲ. ಫೆಬ್ರುವರಿ, ಮಾರ್ಚ್ ಸಂಜೆಗಳಲ್ಲಿ ರಾಶಿಚಕ್ರ, ಅಂದರೆ ಸೂರ್ಯನೂ ಗ್ರಹಗಳೂ ಸಾಗುವ ಹಾದಿ, ನಮ್ಮ ಪಶ್ಚಿಮ ದಿಗಂತದ ಮೇಲೆ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ. ಯುರೋಪಿನವರಿಗೆ ಓರೆಯಾಗಿ ಮಸುಕಿನಲ್ಲಿ ಕಾಣುವ ಬೆಳಕು ನಮಗೆ ಗೋಪುರದ ಹಾಗೆ ಎದ್ದು ಕಾಣಬೇಕು. ಚಂದ್ರ ಇರಬಾರದು. ಹೀಗಾಗಿ ಮಹಾಶಿವರಾತ್ರಿಯ ಸಂಜೆಗಿಂತ ಒಳ್ಳೆಯ ಮುಹೂರ್ತ ಸಿಗದು: ಮಾಘ ಬಹುಳ ಚತುರ್ದಶಿ, ಚಂದ್ರ ಬೆಳಗಿನ ಜಾವದವರೆಗೂ ಮೂಡುವುದಿಲ್ಲ, ಹೇಗೂ ಊರೆಲ್ಲ ಜಾಗರಣೆಯಲ್ಲಿರುತ್ತದೆ. ಸೂರ್ಯ ಮುಳುಗಿ ಒಂದೂಕಾಲು ಗಂಟೆ ಕಾಯಿರಿ. ಸಂಜೆಗೆಂಪು ಪೂರ್ತಿ ಆರಿದ ಮೇಲೆ ಪಶ್ಚಿಮದಲ್ಲಿ ಬುಡ ಅಗಲವಾಗಿ, ಮೇಲೆ ಹೋದಂತೆ ಕಿರಿದಾಗುತ್ತಾ, ಕೃತ್ತಿಕಾ ನಕ್ಷತ್ರಗಳ ಕಡೆಗೆ ಏರುವ ಬಿಳಿಚು ಬೆಳಕೊಂದು ಇರುತ್ತದೆ. ಅದಕ್ಕೆ ಅಂಚು ಎಂಬುದಿಲ್ಲ. ನೇರವಾಗಿ ದಿಟ್ಟಿಸಿದರೆ ಜಾರಿಕೊಳ್ಳುತ್ತದೆ, ತಲೆಯನ್ನು ನಿಧಾನವಾಗಿ ಎಡಬಲಕ್ಕೆ ಆಡಿಸಿದರೆ ತಟ್ಟನೆ ಹಿಡಿತಕ್ಕೆ ಬರುತ್ತದೆ. ಹಲವರು ಮೊದಲು ಅದನ್ನು ಯಾವುದೋ ಊರಿನ ದೀಪದ ಕಾಂತಿ ಎಂದುಕೊಳ್ಳುತ್ತಾರೆ. ಊರಿನ ಕಾಂತಿ ದಿಗಂತಕ್ಕೆ ಅಂಟಿಕೊಂಡು ಗುಮ್ಮಟದಂತಿರುತ್ತದೆ, ಇದು ಅದಕ್ಕಿಂತ ಬಹಳ ಎತ್ತರ. ಅದೇ ಹೊತ್ತಿಗೆ ನೈಋತ್ಯದಲ್ಲಿ, ಚಾಚಿದ ಕೈಯ ಎರಡೂವರೆ ಮುಷ್ಟಿ ಎತ್ತರದಲ್ಲಿ ಟೌ ಸೀಟಿಯೂ ಇರುತ್ತದೆ. ಬರಿಗಣ್ಣಿಗೆ ಸಾಧಾರಣ ಚುಕ್ಕೆ. ಅದನ್ನು ಸಲೀಸಾಗಿ ಗುರುತಿಸಬೇಕೆಂದರೆ ಡಿಸೆಂಬರ್ ನಡುಭಾಗದ ರಾತ್ರಿ ಎಂಟು ಗಂಟೆ ಒಳ್ಳೆಯದು. ದಕ್ಷಿಣಕ್ಕೆ ಮುಖ ಮಾಡಿ, ತಿಮಿಂಗಿಲ ಪುಂಜದ ಒಂಟಿ ಹೊಳಪಿನ ನಕ್ಷತ್ರ ಬೀಟಾ ಸೀಟಿಯನ್ನು ಹಿಡಿದು, ಅಲ್ಲಿಂದ ಒಂದೂವರೆ ಮುಷ್ಟಿ ಎಡಕ್ಕೆ ಬನ್ನಿ.

ಜಾಗದ ಆಯ್ಕೆಯಲ್ಲಿ ಜನ ಸಾಮಾನ್ಯವಾಗಿ ದಿಕ್ಕನ್ನು ಮರೆಯುತ್ತಾರೆ. ಸಂಜೆಯ ಬೆಳಕು ಪಶ್ಚಿಮದ್ದು, ಆದ್ದರಿಂದ ದಾವಣಗೆರೆ ನಿಮ್ಮ ಪಶ್ಚಿಮಕ್ಕೆ ಇರಬಾರದು. ಜಗಳೂರು ಕಡೆ ಹೋದರೆ ಆಕಾಶ ಕತ್ತಲೆ ಇದ್ದರೂ ನಗರದ ಕಾಂತಿ ಪಶ್ಚಿಮದ ಪಕ್ಕದಲ್ಲೇ ಬಂದು ಕೂರುತ್ತದೆ. ಚನ್ನಗಿರಿ ಕಡೆ, ಶಾಂತಿಸಾಗರದ ಸುತ್ತಲಿನ ಹಳ್ಳಿಗಳು ಸಂಜೆಗೆ ಮೇಲು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇದೇ ಬೆಳಕು ಬೆಳಗಿನ ಜಾವ ಪೂರ್ವದಲ್ಲಿ ಕಾಣುತ್ತದೆ; ಆಗ ಜಗಳೂರು, ಚಳ್ಳಕೆರೆ ಸೀಮೆ ಸರಿ. ಆದರೆ ಅದು ಮೋಡದ ಕಾಲ, ಬಸ್ಸಿನ ಬಾಡಿಗೆ ದಂಡವಾಗುವ ಸಂಭವ ಹೆಚ್ಚು. ಚಿತ್ರದುರ್ಗದ ಜೋಗಿಮಟ್ಟಿ ಎಂದು ಯಾರಾದರೂ ಹೇಳುತ್ತಾರೆ. ಅದು ವನ್ಯಜೀವಿಧಾಮ, ಚಿರತೆ, ಕರಡಿ ಇವೆ. ಶಾಲಾ ಮಕ್ಕಳನ್ನು ರಾತ್ರಿ ಅಲ್ಲಿಗೆ ಒಯ್ಯಬೇಡಿ. ಕೋಟೆ ರಾತ್ರಿ ತೆರೆದಿರುವುದಿಲ್ಲ. ಪರಿಚಯದವರ ತೋಟದ ಮನೆಯ ತಾರಸಿ, ಅಥವಾ ಹಳ್ಳಿಯ ಶಾಲೆಯ ಮೈದಾನ ಸಾಕು. ಪೋಷಕರ ಒಪ್ಪಿಗೆ ಪತ್ರ, ಕಾಲಿಗೆ ಬೂಟು, ಟಾರ್ಚಿಗೆ ಕೆಂಪು ಗಾಜುಕಾಗದ ಮರೆಯಬೇಡಿ. ಮೊಬೈಲ್ ಪರದೆ ಒಮ್ಮೆ ಬೆಳಗಿದರೆ ಕಣ್ಣು ಮತ್ತೆ ಕತ್ತಲೆಗೆ ಹೊಂದಲು ಇಪ್ಪತ್ತು ನಿಮಿಷ ಬೇಕು, ಆದ್ದರಿಂದ ಒಂದೇ ಫೋನ್ ಸ್ಟ್ಯಾಂಡಿಗೆ ಕಟ್ಟಿ ಫೋಟೊಗೆ ಇಟ್ಟು ಉಳಿದವನ್ನು ಚೀಲಕ್ಕೆ ಹಾಕಿಸಿ.

ಹಣದ ವಿಷಯ. 10×50 ಬೈನಾಕ್ಯುಲರ್ ಎರಡು ಮೂರು ಕೊಳ್ಳಿ. ಸಾಲಿನಲ್ಲಿ ಕಾಯದೆ ಮಕ್ಕಳು ಕೃತ್ತಿಕೆಯನ್ನೂ, ಚಂದ್ರನ ಕುಳಿಗಳನ್ನೂ, ಗುರುವಿನ ಉಪಗ್ರಹಗಳನ್ನೂ ನೋಡಬಹುದು. ಕೆಳಗೆ ಬಿದ್ದರೆ ಒಳಗಿನ ಪಟ್ಟಕಗಳು ಜರುಗಿ ಎರಡೆರಡು ಚಿತ್ರ ಕಾಣುತ್ತದೆ, ಹೀಗಾಗಿ ಕೊರಳಪಟ್ಟಿ ಹಾಕದೆ ಯಾರ ಕೈಗೂ ಕೊಡಬೇಡಿ. 150 ಮಿ.ಮೀ. ಡಾಬ್ಸೋನಿಯನ್ (ಸರಳ ಮರದ ಪೀಠದ ಮೇಲೆ ಕೂರುವ ಕನ್ನಡಿ ದೂರದರ್ಶಕ) ಒಳ್ಳೆಯ ಉಪಕರಣ, ಶನಿಯ ಉಂಗುರ ನೋಡಿದ ಮಗು ಜನ್ಮದಲ್ಲಿ ಮರೆಯುವುದಿಲ್ಲ. ಆದರೆ ಅದರ ಕನ್ನಡಿಗಳನ್ನು ಆಗಾಗ ಹೊಂದಿಸಬೇಕು, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಕಾಯಬೇಕು. ಅದನ್ನು ಮಾಡುವವರು ವರ್ಗವಾಗಿ ಹೋದ ಶಾಲೆಗಳಲ್ಲಿ ಟೆಲಿಸ್ಕೋಪು ಮುಖ್ಯ ಶಿಕ್ಷಕರ ಕೊಠಡಿಯ ಬೀರುವಿನಲ್ಲಿ ನಿಂತಿರುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮೊದಲ ವರ್ಷ ಬೈನಾಕ್ಯುಲರ್ ಮತ್ತು ಬಸ್ಸಿಗೆ ಖರ್ಚು ಮಾಡಿ, ಉಳಿದದ್ದು ಶಾಲೆಯ ಖಾತೆಯಲ್ಲಿರಲಿ. ಮಕ್ಕಳು ಮತ್ತೆ ಮತ್ತೆ ರಾತ್ರಿ ಬರಲು ತಯಾರಿದ್ದರೆ ಡಾಬ್ಸೋನಿಯನ್ ಕೊಳ್ಳಿ. ಕೊಳ್ಳುವ ದಿನ ಕನ್ನಡಿ ಹೊಂದಿಸುವುದನ್ನು ಮಾರುವವರ ಕೈಯಿಂದಲೇ ಒಮ್ಮೆ ಮಾಡಿಸಿ, ನೀವೂ ಒಬ್ಬಿಬ್ಬರು ಮಕ್ಕಳೂ ಕಲಿತುಕೊಂಡು ಆಮೇಲೆ ದುಡ್ಡು ಕೊಡಿ.